ಗ್ರೇಟ್ ಜಿಂಬಾಬ್ವೆ ಕಟ್ಟಿದ್ದು ಯಾರು ಅಂತ ಗೊತ್ತಾಗಿದ್ದು ಹೇಗೆ?

ಕಲ್ಲುಹುಚ್ಚ:
ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಭಾವ ಒಂದು ವಿಡಿಯೋ ಹಾಕಿದ್ದಾರೆ. ಜಿಂಬಾಬ್ವೆ ದೇಶದಲ್ಲಿರುವ ಗ್ರೇಟ್ ಜಿಂಬಾಬ್ವೆ ಅನ್ನೋ ಪಾಳುಪಟ್ಟಣದ ಆ ದೊಡ್ಡ ಕಲ್ಲುಗೋಡೆ ಕಟ್ಟಿಸಿದ್ದು ಬೈಬಲಿನಲ್ಲಿ ಬರುವ ಶೀಬಾ ರಾಣಿಯಂತೆ, ಅಲ್ಲಿಯವರಲ್ಲವಂತೆ. ಒಂದು ಶಾಸನವೂ ಇಲ್ಲದ ಕಡೆ ಯಾರು ಕಟ್ಟಿದ್ದು ಅಂತ ಹೇಳೋದು ಹೇಗೆ? ಜಗಳ ಆಗದ ಹಾಗೆ ಉತ್ತರ ಕೊಡಬೇಕು.

ಹರಾರೆ ರಿಟರ್ನ್:
ಮೂರು ವರ್ಷ ಹರಾರೆಯಲ್ಲಿ ಕೆಲಸಕ್ಕಿದ್ದೆ, ಎರಡು ಸಲ ಹೋಗಿ ನೋಡಿದ್ದೇನೆ. ಗೋಡೆ ಕೆಲವು ಕಡೆ 11 ಮೀಟರ್ ಎತ್ತರ. ಒಂದು ಹಿಡಿ ಗಾರೆಯೂ ಇಲ್ಲ. ಅಲ್ಲಿನ ಗ್ರಾನೈಟ್ ಬಂಡೆ ಬಿಸಿಲಿಗೆ, ರಾತ್ರಿ ಚಳಿಗೆ ಈರುಳ್ಳಿ ಸಿಪ್ಪೆ ಹಾಗೆ ಪದರ ಬಿಡುತ್ತದೆ. ಅದನ್ನೇ ತುಂಡು ಮಾಡಿ ಸಾಲಾಗಿ ಪೇರಿಸಿದ್ದಾರೆ.

ಶೀಬಾ ಕತೆಗೆ ರೆಕ್ಕೆ ಕಟ್ಟಿದವನು 1871ರಲ್ಲಿ ಹೋದ ಜರ್ಮನ್ ಅನ್ವೇಷಕ ಕಾರ್ಲ್ ಮೌಖ್. ಬಾಗಿಲ ತೊಲೆಯಿಂದ ಒಂದು ಚೂರು ಕಿತ್ತು ನೋಡಿದ. ಕೆಂಪಗಿದೆ, ವಾಸನೆ ಇದೆ, ಥೇಟ್ ನನ್ನ ಪೆನ್ಸಿಲ್ ಮರ! ಹಾಗಾದರೆ ಲೆಬನಾನಿನ ಸೀಡರ್, ತಂದವಳು ಶೀಬಾ ರಾಣಿ. ಸುಮ್ನೆ ಅಷ್ಟೇ ಆಧಾರ. ಆಮೇಲೆ 1902ರಲ್ಲಿ ಜಾಗ ಕಾಯಲು ನೇಮಿಸಿದ ರಿಚರ್ಡ್ ಹಾಲ್, ಆಫ್ರಿಕದವರು ಬಾಳಿದ ಮಣ್ಣಿನ ಪದರಗಳನ್ನೇ ಕಸ ಅಂತ ಅಗೆಸಿ ಹೊರಗೆ ಹಾಕಿಸಿದ. ಸಾಕ್ಷಿ ಇದ್ದದ್ದೇ ಅದರಲ್ಲಿ. ಹೊಟ್ಟೆ ಉರಿಯುತ್ತದೆ.

ಕಲ್ಲುಹುಚ್ಚ:
ಮತ್ತೆ ಉಳಿದದ್ದೇನು ಸರ್?

ಹರಾರೆ ರಿಟರ್ನ್:
ಪುಣ್ಯಕ್ಕೆ ಅವನ ಗುದ್ದಲಿ ಎಲ್ಲ ಕಡೆ ಬಿದ್ದಿರಲಿಲ್ಲ. 1905ರಲ್ಲಿ ರಾಂಡಲ್-ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಅನ್ನೋ ಪುರಾತತ್ವಜ್ಞರು ಅಗೆದರು. ಕದಡದ ಮಣ್ಣುನೆಲದಡಿ ಸಿಕ್ಕಿದ್ದು ಅಲ್ಲಿಯ ಜನರದ್ದೇ ಮಡಕೆ ಚೂರು. ಇಬ್ಬರೂ ಹೇಳಿದ್ದು ಒಂದೇ: ಕಟ್ಟಿದವರು ಆಫ್ರಿಕದವರು. ಇಂದಿನ ಶೋನಾ ಜನರ ಹಿರಿಯರು, ಸುಮಾರು 11ರಿಂದ 15ನೇ ಶತಮಾನದೊಳಗೆ. ನನಗೆ ಜಾಸ್ತಿ ಇಷ್ಟವಾದದ್ದು ಅಲ್ಲಿ ಸಿಕ್ಕ ಪುಟ್ಟ ಬಿಲ್ಲೆಗಳು. ಒಡೆದ ಮಡಕೆಯ ಚೂರನ್ನು ದುಂಡಗೆ ಉಜ್ಜಿ, ನಡುವೆ ತೂತು ಹಾಕಿದ್ದಾರೆ. ಕದಿರಿಗೆ ಸಿಕ್ಕಿಸಿ ಹತ್ತಿ ನೂಲೋದಕ್ಕೆ.

ಚೀನಾ ಪಿಂಗಾಣಿ, ಪೂರ್ವ ಆಫ್ರಿಕದ ಬಂದರು ಕಿಲ್ವಾದ ನಾಣ್ಯ, ಭಾರತದ ಗಾಜಿನ ಮಣಿ ಕೂಡ ಸಿಕ್ಕಿವೆ. ಅವು ವ್ಯಾಪಾರಕ್ಕೆ ಬಂದವು. ಇಲ್ಲಿಂದ ಚಿನ್ನ ಹೋಗುತ್ತಿತ್ತು.

ತುಂಗಭದ್ರೆ:
ಹಂಪಿಯ ಕೋಟೆಗೋಡೆಗೂ ಎಷ್ಟೋ ಕಡೆ ಗಾರೆ ಇಲ್ಲ. ಅಲ್ಲಿಗೂ ಶೀಬಾ ರಾಣಿ ಬಂದಿದ್ದಳಾ ಅಂತ ಭಾವನ್ನ ಕೇಳಿ. ಜಿಂಬಾಬ್ವೆ ಬಾವುಟದ ಹಕ್ಕಿಯನ್ನೂ ತೋರಿಸಿ. ಆ ಪಾಳುಗೋಡೆಗಳ ನಡುವೆ ಸಿಕ್ಕ ಬಳಪದ ಕಲ್ಲಿನ ಹಕ್ಕಿ ಅದು.

ಕಲ್ಲುಹುಚ್ಚ:
ಪೆನ್ಸಿಲ್ ಕತೆ ಮಾತ್ರ ಕಳಿಸಿದೆ. ನೀಲಿ ಟಿಕ್ ಬಂದು ಎರಡು ಗಂಟೆಯಾಯಿತು. ಅತ್ತೆ ಮಾತ್ರ ನಗುವ ಎಮೋಜಿ ಹಾಕಿದ್ದಾರೆ.