ಪದಚರ್ಚೆ: ಹಿಮ ಕರಗಿ ಹೊಳೆಗಿಳಿಯುವ ನೀರಿಗೆ ಕನ್ನಡದಲ್ಲಿ ಏನೆನ್ನಬೇಕು?

ಬರೆದವರು: ಮಡಿಕೇರಿಯ ಅನುವಾದಕಿ

ಮಾನ್ಯರೆ,

ಗಾಳದ ಹವ್ಯಾಸವುಳ್ಳ ನಮ್ಮ ಊರಿನ ಕೆಲವರು ಹೊರತರುತ್ತಿರುವ ಕಿರುಹೊತ್ತಗೆಯೊಂದರ ಅನುವಾದ ನನ್ನ ಕೈಯಲ್ಲಿದೆ. ನಾಡಿದ್ದು ಸಂಜೆಯೊಳಗೆ ಅಚ್ಚಿಗೆ ಕೊಡಬೇಕು. ಕಾವೇರಿಯ ಮಹಶೀರ್ ಮೀನಿನ ಅಧ್ಯಾಯಗಳು ತೊಡಕಿಲ್ಲದೆ ಮುಗಿದವು. ನಾನು ಸಿಕ್ಕಿಹಾಕಿಕೊಂಡಿರುವುದು ಶೀತದೇಶಗಳ ಟ್ರೌಟ್ ಮೀನಿನ ಅಧ್ಯಾಯದಲ್ಲಿ, ಅದರಲ್ಲಿಯೂ ಚಳಿಗಾಲ ಕಳೆದ ಮೊದಲ ವಾರಗಳಲ್ಲಿ ಅಲ್ಲಿನ ಹೊಳೆ, ಸರೋವರಗಳು ಹೇಗಿರುತ್ತವೆ ಎಂದು ವಿವರಿಸುವ ನಾಲ್ಕು ಪುಟಗಳಲ್ಲಿ.

ಮೂಲದ ಸಾರ ಇಷ್ಟು. ಸ್ಕಾಟ್ಲೆಂಡಿನಲ್ಲಿ ಕಂದು ಟ್ರೌಟ್ ಹಿಡಿಯುವ ಕಾಲ ಮಾರ್ಚ್ 15ಕ್ಕೆ ತೆರೆಯುತ್ತದೆ. ಆ ಹೊತ್ತಿಗೆ ಬೆಟ್ಟದ ಮೇಲಿನ ಹಿಮ ಕರಗತೊಡಗಿ, ಆ ನೀರು ಇಳಿದು, ಹೊಳೆ ಉಬ್ಬಿ, ಬಣ್ಣಗೆಟ್ಟು, ಮೊದಲಿಗಿಂತಲೂ ತಣ್ಣಗಾಗುತ್ತದೆ. ನೀರಿನ ಉಷ್ಣತೆ 4–5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವವರೆಗೆ ಮೀನು ಮಂಕಾಗಿ, ಸೆಳೆತವಿಲ್ಲದ ಆಳದಲ್ಲಿ ತಳ ಹಿಡಿದಿರುತ್ತದೆ; 10 ದಾಟಿದ ಮೇಲೆ ಚುರುಕಾಗುತ್ತದೆ. ಹಾಗಾಗಿ ಆ ದಿನಗಳಲ್ಲಿ ನಸುಕಿಗಿಂತ ನಡುಹಗಲೇ ಗಾಳಕ್ಕೆ ಒಳ್ಳೆಯ ಹೊತ್ತು.

ಈ ಕರಗಿ ಬರುವ ನೀರಿಗೆ ಮೂಲದಲ್ಲಿ ಒಂದೇ ಪದವಿದ್ದು, ಪುಟಕ್ಕೆ ಆರೇಳು ಸಲ ಬರುತ್ತದೆ. ಪ್ರತಿ ಸಲವೂ ‘ಬೆಟ್ಟದ ಹಿಮ ಕರಗಿದ್ದರಿಂದ ಹೊಳೆಗೆ ಹರಿದುಬಂದ ನೀರು’ ಎಂದು ಬರೆದರೆ ಓದುವವರು ಅದೇ ನೀರಿನಲ್ಲಿ ಮುಳುಗಿಹೋಗುತ್ತಾರೆ. ಸದ್ಯಕ್ಕೆ ‘ಹಿಮನೀರು’ ಎಂದು ಬರೆದುಕೊಂಡಿದ್ದೇನೆ. ‘ಹೊಸನೀರು’ ಎಂಬ ನಮ್ಮದೇ ಪದ ಇರುವಾಗ ಇದೇಕೆ ಎಂದೂ ಅನ್ನಿಸುತ್ತದೆ. ಜೊತೆಗೆ ಇನ್ನೆರಡು ಸಂಶಯಗಳಿವೆ. ‘ವಸಂತದ ಆರಂಭ’ ಎಂದು ಬರೆಯುವುದು ಸರಿಯೇ? ಸರೋವರದ ಮೇಲಿನ ಮಂಜುಗಡ್ಡೆ ಕರಗಿದ ಮೇಲೆ ಮೇಲಿನ ನೀರು, ತಳದ ನೀರು ಅದಲುಬದಲಾಗಿ ಬೆರೆಯುತ್ತವಲ್ಲ, ಅದಕ್ಕೆ ಕ್ರಿಯಾಪದ ಯಾವುದು?

ಬರೆದವರು: ಬೆಂಗಳೂರಿನ ಸದಸ್ಯರು

‘ಹಿಮನೀರು’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ದೋಷದ ಸಮಾಸ. ಅದರ ಬಗ್ಗೆ ಚರ್ಚೆಯ ಅಗತ್ಯವೇ ಇಲ್ಲ.

ಗಟ್ಟಿಯಾದ ನೀರಿಗೆ ಕನ್ನಡದಲ್ಲಿ ಪದವಿಲ್ಲವೆಂದು ಸಂಸ್ಕೃತದ ಬಾಗಿಲು ತಟ್ಟುವವರು ‘ಆಲಿಕಲ್ಲು’ ಎಂಬ ಪದವನ್ನು ಒಮ್ಮೆ ಬಿಡಿಸಿ ನೋಡಬೇಕು. ಅಲ್ಲಿನ ‘ಕಲ್ಲು’ ಎಲ್ಲರಿಗೂ ತಿಳಿದದ್ದೇ. ಉಳಿಯುವ ‘ಆಲಿ’ ಆಕಾಶದಿಂದ ಬೀಳುವ, ಹೆಪ್ಪುಗಟ್ಟಿದ ಹನಿಯ ಹೆಸರು. ತಮಿಳಿನಲ್ಲಿಯೂ ಮಳೆಹನಿಗೆ, ಆಲಿಕಲ್ಲಿಗೆ ‘ಆಲಿ’ ಎಂಬ ಪದವೇ ಇದೆ, ‘ಆಲಂಗಟ್ಟಿ’ ಎಂಬುದೂ ಅಲ್ಲಿಂದಲೇ ಬಂದದ್ದು. ಇಷ್ಟು ಹಳೆಯ, ಇಷ್ಟು ಚಿಕ್ಕ ಪದವೊಂದು ನಮ್ಮ ಬಾಯಲ್ಲಿಯೇ ಇರುವಾಗ ಕರಗಿದ ಹಿಮಕ್ಕೆ ‘ಆಲಿನೀರು’ ಎನ್ನಲು ಅಡ್ಡಿಯೇನು? ಟ್ರೌಟ್ ಎಂಬುದಕ್ಕೂ ‘ಚುಕ್ಕೆಮೀನು’ ಎಂದು ಬರೆಯಿರಿ. ಮೈಮೇಲೆ ಚುಕ್ಕೆಗಳಿರುವ ಮೀನನ್ನು ಹೆಸರಿಸಲು ಸಮುದ್ರ ದಾಟಬೇಕಾಗಿಲ್ಲ.

ಬರೆದವರು: ವಿರಾಜಪೇಟೆಯ ಸದಸ್ಯರು

ಕಣ್ಣಾಲಿಯಲ್ಲಿರುವುದೂ ‘ಆಲಿ’ಯೇ. ‘ಆಲಿನೀರು ಉಬ್ಬಿ ಹರಿಯಿತು’ ಎಂದು ಅಚ್ಚಾದರೆ ಓದಿದವರು ಯಾರೋ ತೀರಿಕೊಂಡರೆಂದು ತಿಳಿಯುತ್ತಾರೆ. ‘ಚುಕ್ಕೆ’ ಎಂದರೆ ನಕ್ಷತ್ರವೂ ಹೌದಾದ್ದರಿಂದ ‘ಚುಕ್ಕೆಮೀನು’ ಎಂಬುದು ನೇರವಾಗಿ ಕಡಲಿನ ನಕ್ಷತ್ರಮೀನಿಗೆ ಹೋಗಿ ನಿಲ್ಲುತ್ತದೆ. ಎರಡೂ ಬೇಡ.

ಯಾರಾದರೂ ‘ಮಂಜುನೀರು’ ಎನ್ನುವ ಮೊದಲೇ ಒಂದು ಮಾತು. ಕೊಡಗಿನಲ್ಲಿ ಮಂಜು ಎಂದರೆ ಬೆಳಗ್ಗೆ ತೋಟದ ಮೇಲೆ ಕವಿದು, ಎದುರಿನ ಮನೆಯನ್ನು ಮರೆಮಾಡುವ ಮಂಜು. ‘ಮಂಜು ಕರಗಿತು’ ಎಂದರೆ ನಮಗೆ ಬಿಸಿಲು ಬಂತು ಎಂದರ್ಥ, ಹೊಳೆ ಬಂತು ಎಂದಲ್ಲ.

ಬರೆದವರು: ಮೈಸೂರಿನ ನಿವೃತ್ತ ಅಧ್ಯಾಪಕರು

ಅರಿಸಮಾಸದ ಹೆಸರೆತ್ತಿ ಪದಗಳನ್ನು ಹೊರಗಟ್ಟುವವರು ಒಂದು ಸಣ್ಣ ಪರೀಕ್ಷೆಗೆ ಒಪ್ಪಿಕೊಳ್ಳಲಿ. ‘ಮಳೆ’ ಕನ್ನಡ, ‘ಕಾಲ’ ಸಂಸ್ಕೃತ. ‘ಮಳೆಗಾಲ’ ಎಂಬ ಪದವನ್ನು ಬಳಸದೆ ಕೊಡಗಿನಲ್ಲಿ ಒಂದು ವರ್ಷ ಬಾಳಿ ತೋರಿಸಲಿ. ‘ಕಾಲ’ ಸಮಸಂಸ್ಕೃತವಾದ್ದರಿಂದ ದೋಷವಿಲ್ಲ ಎಂದು ಅವರು ಉತ್ತರಿಸುವುದಾದರೆ, ‘ಹಿಮ’ವೂ ಕನ್ನಡಕ್ಕೆ ಬಂದು ಒಂದಕ್ಷರವೂ ಬದಲಾಗದ ಸಮಸಂಸ್ಕೃತವೇ. ಹಳೆಗನ್ನಡದ ವ್ಯಾಕರಣಕಾರ ಕೇಶಿರಾಜನ ಕಟ್ಟಳೆಯನ್ನು ಅರ್ಧಕ್ಕೆ ನಿಲ್ಲಿಸಿ ಓದಬಾರದು.

‘ಹಿಮನೀರು’ ಎಂಬುದರಲ್ಲಿ ನನಗೆ ಕಾಣುವ ದೋಷ ವ್ಯಾಕರಣದ್ದಲ್ಲ, ಅರ್ಥದ್ದು. ಅದು ಹಿಮದಷ್ಟು ತಣ್ಣಗಿರುವ ನೀರೋ, ಹಿಮದಿಂದ ಆದ ನೀರೋ ಎಂಬುದು ಸಮಾಸದೊಳಗೆ ಸ್ಪಷ್ಟವಾಗುವುದಿಲ್ಲ. ಕರಗುವ ಕ್ರಿಯೆ ಪದದಲ್ಲಿ ಕಾಣಿಸಬೇಕು. ಸುಡುಬಿಸಿಲು, ಕಡೆಗೋಲು ಎಂಬಲ್ಲಿ ಧಾತು ನೇರವಾಗಿ ನಾಮಪದಕ್ಕೆ ಅಂಟಿಕೊಂಡಂತೆ ‘ಕರಗುನೀರು’ ಎನ್ನಬಹುದು. ಮೊದಲ ಸಲ ‘ಹಿಮದ ಕರಗುನೀರು’ ಎಂದು ಷಷ್ಠಿಯಲ್ಲಿ ಬರೆದರೆ ಬೆಂಗಳೂರಿನವರ ಅರಿಸಮಾಸವೂ ಇಲ್ಲ. ಅಲ್ಲಿಂದ ಮುಂದೆ ‘ಕರಗುನೀರು’ ಸಾಕು.

ಬರೆದವರು: ನೆಲ್ಲಿಹುದಿಕೇರಿಯ ಕಾಫಿ ಬೆಳೆಗಾರರು

ನಾನು ವ್ಯಾಕರಣ ಓದಿದವನಲ್ಲ. ಕಾವೇರಿಯ ದಡದಲ್ಲಿ ಗಾಳ ಹಿಡಿದು ಕುಳಿತವನು. ಪ್ರಶ್ನೆ ಕೇಳಿದವರು ‘ಹೊಸನೀರು’ ಎಂಬ ಪದದ ಕಡೆಗೆ ವಾಲಿದ್ದನ್ನು ಕಂಡು ಬರೆಯುತ್ತಿದ್ದೇನೆ. ದಯವಿಟ್ಟು ಅದನ್ನು ಬಳಸಬೇಡಿ.

ನಮ್ಮಲ್ಲಿ ಹೊಸನೀರು ಬರುವುದು ಮುಂಗಾರು ಹಿಡಿದ ಮೇಲೆ, ಜೂನ್ ತಿಂಗಳಲ್ಲಿ. ತೋಡುಗಳೆಲ್ಲ ಒಂದೇ ರಾತ್ರಿಯಲ್ಲಿ ತುಂಬಿ, ನೀರು ಕೆಂಪಗೆ ಬಗ್ಗಡವಾಗಿ ನುಗ್ಗುವಾಗ, ಮೊಟ್ಟೆಯಿಡಲು ಮೀನು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರುತ್ತದೆ. ಹತ್ತುಮೀನು ಎನ್ನುವುದು ಇದನ್ನೇ. ಆದ್ದರಿಂದ ‘ಹೊಸನೀರು’ ಎಂದು ಕೇಳಿದ ಕೂಡಲೇ ನಮ್ಮವರ ಕಿವಿಗೆ ಬೀಳುವುದು ‘ಮೀನು ಎದ್ದಿದೆ, ಹೊರಡು’ ಎಂಬ ಮಾತು. ನಿಮ್ಮ ಪುಟಗಳಲ್ಲಿರುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಕರಗಿ ಬಂದ ನೀರು ಮೀನನ್ನು ಎಬ್ಬಿಸುವುದಿಲ್ಲ, ಮಲಗಿಸುತ್ತದೆ. ಕಂದು ಟ್ರೌಟ್ ಮೊಟ್ಟೆಯಿಡುವುದು ಚಳಿಗಾಲಕ್ಕೆ ಮೊದಲೇ ಆಗಿಹೋಗಿರುತ್ತದೆ. ಮಾರ್ಚಿನಲ್ಲಿ ಅದಕ್ಕೆ ಏರುವ ಆತುರವೇನೂ ಇಲ್ಲ. ಮಳೆಬಿಲ್ಲು ಟ್ರೌಟ್ ಆದರೋ ವಸಂತದಲ್ಲಿ ಮೊಟ್ಟೆಯಿಡುವ ಜಾತಿ, ಆದರೆ ನೀವು ಹೇಳುತ್ತಿರುವುದು ಸ್ಕಾಟ್ಲೆಂಡಿನ ಕಂದು ಮೀನಿನ ಮಾತು. ನಿಮ್ಮ ಪುಸ್ತಕ ಓದಿದ ಹುಡುಗನೊಬ್ಬ ಹೊಸನೀರಿಗೆ ಗಾಳ ಹಾಕಿ ಇಡೀ ದಿನ ನಡುಗಿಕೊಂಡು ಬರಿಗೈಯಲ್ಲಿ ಮನೆಗೆ ಬಂದರೆ ಆ ಪಾಪ ಒಂದು ಪದಕ್ಕೆ ಸೇರಬೇಕಾಗುತ್ತದೆ.

‘ವಸಂತದ ಆರಂಭ’ವೂ ಇಂಥದೇ ಗುಂಡಿ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ಹೊಳೆ ಇಳಿದು ಬಂಡೆಗಳು ಬೆನ್ನು ತೋರಿಸುತ್ತವೆ. ನೀರು ತಿಳಿಯಾಗಿ ಮಡುಗಳಲ್ಲಿ ಉಳಿದುಕೊಂಡು, ನಡುವೆ ಕಲ್ಲುಗಳ ಮೇಲೆ ತೆಳ್ಳಗೆ ಹರಿಯುತ್ತಿರುತ್ತದೆ. ಕಾಫಿ ಹೂವರಳಿಸುವ ಹೂಮಳೆ ಬಂದರೆ ಒಂದೆರಡು ದಿನ ಮಸುಕಾಗಿ ಮತ್ತೆ ತಿಳಿಯಾಗುತ್ತದೆ. ‘ವಸಂತ’ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಈ ಒಣ ಹೊಳೆ. ಅವರ ವಸಂತದಲ್ಲಿ ಹೊಳೆ ತುಂಬುತ್ತದೆ, ನಮ್ಮದರಲ್ಲಿ ಬತ್ತುತ್ತದೆ. ಇನ್ನೂ ವಿಚಿತ್ರವೆಂದರೆ ಅಲ್ಲಿ ಬಿಸಿಲು ಜೋರಾದಷ್ಟೂ ಹಿಮ ಹೆಚ್ಚು ಕರಗಿ, ಮಧ್ಯಾಹ್ನದ ಮೇಲೆ ಹೊಳೆ ಇನ್ನಷ್ಟು ತಣ್ಣಗಾಗಬಹುದು. ಇದನ್ನು ಬಿಡಿಸಿ ಹೇಳದಿದ್ದರೆ ಕೊಡಗಿನ ಓದುಗ ನಂಬುವುದಿಲ್ಲ, ಅಚ್ಚಿನ ತಪ್ಪೆಂದುಕೊಳ್ಳುತ್ತಾನೆ.

ಋತುವಿನ ಹೆಸರನ್ನು ಬಿಟ್ಟು ‘ಮೀನಮಾಸ’ ಎಂದು ಬರೆದರೆ ಹೇಗೆ? ಸೌರಮಾನದಲ್ಲಿ ದಿನ ಎಣಿಸುವ ನಮ್ಮ ಕಡೆಯವರಿಗೆ ಅದು ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಎಂದು ಹೇಳಿಕೊಡಬೇಕಾಗಿಲ್ಲ. ನಿಮ್ಮ ಸ್ಕಾಟ್ಲೆಂಡಿನ ಮಾರ್ಚ್ 15 ಸರಿಸುಮಾರು ಮೀನ ಸಂಕ್ರಮಣದ ಹೊತ್ತೇ ಆಗುತ್ತದೆ. ತಿಂಗಳಿನ ಹೆಸರು ಬರಿಯ ದಿನವನ್ನು ಹೇಳುತ್ತದೆ. ಋತುವಿನ ಹೆಸರಿನಂತೆ ಹವೆಯನ್ನೂ ಹೊತ್ತುಕೊಂಡು ಬರುವುದಿಲ್ಲ.

ನೀರಿನ ಬಣ್ಣಕ್ಕೂ ಒಂದು ಮಾತು. ಹಸ್ತಪ್ರತಿಯಲ್ಲಿ ಎಲ್ಲ ಕಡೆಯೂ ‘ಬಗ್ಗಡ’ ಎಂದಿದ್ದರೆ ತಿದ್ದಿಕೊಳ್ಳಿ. ಬಗ್ಗಡ ಎಂದರೆ ಕೈ ಅದ್ದಿದರೆ ಬೆರಳು ಕಾಣದ ಮಣ್ಣುನೀರು. ತಳದ ಕಲ್ಲು ಅರೆಬರೆ ಕಾಣುವಂತಿದ್ದರೆ ಅದು ‘ಮಸುಕು’. ಗಾಳ ಹಾಕುವವನಿಗೆ ಈ ಎರಡರ ನಡುವಿನ ವ್ಯತ್ಯಾಸವೇ ಮುಖ್ಯ. ಬಗ್ಗಡದಲ್ಲಿ ಮೀನಿಗೆ ಎರೆ ಕಾಣುವುದಿಲ್ಲ, ಮಸುಕಿನಲ್ಲಿ ಎರೆ ಕಾಣುತ್ತದೆ, ಗಾಳದವನು ಕಾಣುವುದಿಲ್ಲ.

ಬರೆದವರು: ಬೆಂಗಳೂರಿನ ಸದಸ್ಯರು

ನೆಲ್ಲಿಹುದಿಕೇರಿಯವರ ‘ಮೀನಮಾಸ’ ನನಗೆ ಸಂತೋಷವೇ. ‘ಮೀನ’ ಎಂಬುದು ಸಂಸ್ಕೃತಕ್ಕೆ ನಮ್ಮ ದ್ರಾವಿಡ ನುಡಿಗಳಿಂದ ಹೋದ ಪದ. ನಮ್ಮ ಮನೆಯಿಂದ ಹೋದದ್ದು ಮನೆಗೆ ಮರಳಿದಂತಾಯಿತು. ಆದರೆ ಟ್ರೌಟ್ ಎಂಬುದನ್ನು ಹಾಗೆಯೇ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಪದವನ್ನು ಕಡ ತರುವ ಅಭ್ಯಾಸ ಒಮ್ಮೆ ಬಿದ್ದರೆ ಮೀನಿನಿಂದ ಹೊಳೆಗೆ, ಹೊಳೆಯಿಂದ ನೀರಿಗೆ ಹಬ್ಬುತ್ತದೆ.

ಬರೆದವರು: ವಿರಾಜಪೇಟೆಯ ಸದಸ್ಯರು

ನಾವು ಕೊಟ್ಟರೆ ಹೆಮ್ಮೆ, ತಂದರೆ ಕೇಡು. ಇದು ಯಾವ ನ್ಯಾಯ?

ಇಂಗ್ಲಿಷರೇ ‘ಟ್ರೌಟ್’ ಎಂಬುದನ್ನು ಲ್ಯಾಟಿನ್ನಿನಿಂದ ಕಡ ತಂದವರು. ಅವರ ಹೊಳೆಗಳು ಅದರಿಂದ ಬತ್ತಲಿಲ್ಲ. ನೀಲಗಿರಿಯ ಅವಲಾಂಚಿಯಲ್ಲಿ 1907ರಲ್ಲಿಯೇ ಟ್ರೌಟ್ ಮರಿಮಾಡುವ ಕೇಂದ್ರವಾಯಿತು. ನಮ್ಮ ಪಕ್ಕದ ಬೆಟ್ಟದಲ್ಲಿ ಆ ಮೀನು ನೂರು ವರ್ಷಕ್ಕೂ ಮೇಲೆ ಅದೇ ಹೆಸರಿನಲ್ಲಿ ಬಾಳಿರುವಾಗ ಈಗ ನಾಮಕರಣಕ್ಕೆ ಕೂರುವುದು ತಡವಾಯಿತು. ಇಷ್ಟು ಹೇಳಿದ ಮೇಲೂ ಬೇಡವೆನ್ನುವವರು ‘ಕಾಫಿ’ ಎಂಬ ಪದಕ್ಕೆ ಅಚ್ಚಗನ್ನಡದ ಬದಲಿಯನ್ನು ಮೊದಲು ಕೊಡಗಿನ ಸಂತೆಯಲ್ಲಿ ನಡೆಸಿ ತೋರಿಸಿ, ಆಮೇಲೆ ಮೀನಿನ ತಂಟೆಗೆ ಬರಲಿ.

ಬರೆದವರು: ಬೆಂಗಳೂರಿನ ಸದಸ್ಯರು

ಕಾಫಿ ರೂಢಿಗೆ ಬಂದ ಪದ. ಟ್ರೌಟ್ ಬಂದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಾದವಲ್ಲ.

ಬರೆದವರು: ಮೈಸೂರಿನ ನಿವೃತ್ತ ಅಧ್ಯಾಪಕರು

ಕೇಳಿದವರ ಮೂರನೆಯ ಪ್ರಶ್ನೆಗೆ ಇಲ್ಲಿಯವರೆಗೆ ಯಾರೂ ಉತ್ತರಿಸಿಲ್ಲ ಎಂಬುದನ್ನು ಇಬ್ಬರಿಗೂ ನೆನಪಿಸುತ್ತೇನೆ.

ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಚಳಿಗಾಲದಲ್ಲಿ ಆ ಭಾರದ ನೀರು ತಳಕ್ಕಿಳಿದು, ಅದಕ್ಕಿಂತ ತಣ್ಣನೆಯ ಹಗುರ ನೀರು ಮಂಜುಗಡ್ಡೆಯ ಕೆಳಗೆ ನಿಂತಿರುತ್ತದೆ. ಗಡ್ಡೆ ಕರಗಿ ಮೇಲಿನ ನೀರೂ 4 ಡಿಗ್ರಿಗೆ ಬಂದಾಗ ಮೇಲೆ ಕೆಳಗೆ ಎಂಬ ಭೇದ ಅಳಿದು, ಗಾಳಿ ಬೀಸಿದರೆ ಸರೋವರ ಪೂರ್ತಿ ಕಲಸಿಹೋಗಿ, ಮೇಲಿನ ಆಮ್ಲಜನಕ ತಳದವರೆಗೆ ತಲುಪುತ್ತದೆ. ಇದಕ್ಕೆ ‘ಮಗುಚು’ ಎಂಬ ಧಾತು ಒಗ್ಗುತ್ತದೆ. ಕಾವಲಿಯ ಮೇಲೆ ದೋಸೆ ಮಗುಚಿದಂತೆ ಅಡಿಯದು ಮೇಲೆ, ಮೇಲಿನದು ಅಡಿಗೆ. ‘ಸರೋವರ ಮಗುಚಿತು’ ಎಂದರೆ ದೋಣಿ ಮಗುಚಿದ ಅನರ್ಥ ಇಣುಕುವುದರಿಂದ ‘ಸರೋವರದ ನೀರು ಮಗುಚಿಕೊಳ್ಳುತ್ತದೆ’ ಎಂದೇ ಬರೆಯಿರಿ. ‘ಕೆರೆ’ ಎಂಬುದು ಬೇಡ. ಕೆರೆಗೆ ಕಟ್ಟೆಯೂ ತೂಬೂ ಇರಬೇಕು.

ಬರೆದವರು: ಮಡಿಕೇರಿಯ ಅನುವಾದಕಿ

ಎಲ್ಲರಿಗೂ ಕೃತಜ್ಞತೆಗಳು. ‘ಹಿಮನೀರು’, ‘ಹೊಸನೀರು’ ಎರಡನ್ನೂ ಹೊಡೆದುಹಾಕಿದ್ದೇನೆ. ‘ಟ್ರೌಟ್’ ಹಾಗೆಯೇ ಉಳಿಯುತ್ತದೆ, ಬೆಂಗಳೂರಿನವರು ಕ್ಷಮಿಸಬೇಕು. ‘ಬಗ್ಗಡ’ ಹದಿನೊಂದು ಕಡೆ ಇತ್ತು, ಒಂಬತ್ತು ಕಡೆ ‘ಮಸುಕು’ ಆಯಿತು. ಅಚ್ಚಿಗೆ ಹೋಗುವ ಭಾಗ ಹೀಗಿದೆ:

‘ಮೀನಮಾಸದ ಮೊದಲ ದಿನಗಳಲ್ಲಿ ನಮ್ಮ ಹೊಳೆಗಳು ಬತ್ತುತ್ತಿರುವಾಗ ಆ ಶೀತದೇಶಗಳ ಹೊಳೆಗಳು ಹಿಮದ ಕರಗುನೀರಿನಿಂದ ಉಬ್ಬುತ್ತವೆ. ಬಿಸಿಲೇರಿದಂತೆ ಕರಗುನೀರು ಹೆಚ್ಚಿ, ಹೊಳೆ ಮಸುಕಾಗಿ, ಇನ್ನಷ್ಟು ತಣ್ಣಗಾಗುವುದುಂಟು; ಆಗ ಟ್ರೌಟ್ ಮಡುವಿನ ತಳ ಬಿಟ್ಟು ಏಳುವುದಿಲ್ಲ. ಮಂಜುಗಡ್ಡೆ ಕರಗಿ ಸರೋವರದ ನೀರು ಮಗುಚಿಕೊಂಡ ಮೇಲೆ, ಕಪ್ಪು ತಳದ ಆಳವಿಲ್ಲದ ಅಂಚುಗಳು ಬಿಸಿಲಿಗೆ ಮೊದಲು ಬೆಚ್ಚಗಾಗುತ್ತವೆ; ಹುಳುಗಳು ಏಳುವುದೂ, ಅವುಗಳ ಹಿಂದೆ ಮೀನು ಬರುವುದೂ ಅಲ್ಲಿಗೇ.’

ತಪ್ಪಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.

ಬರೆದವರು: ನೆಲ್ಲಿಹುದಿಕೇರಿಯ ಕಾಫಿ ಬೆಳೆಗಾರರು

ಸರಿಯಿದೆ. ಬಗ್ಗಡವಾಗಿಯೇ ಉಳಿದ ಆ ಎರಡು ಕಡೆ ಯಾವುವು ಎಂದು ತಿಳಿಸಿದರೆ ಅವನ್ನೂ ನೋಡಿಬಿಡುತ್ತೇನೆ.

ಬರೆದವರು: ಬೆಂಗಳೂರಿನ ಸದಸ್ಯರು

‘ಕರಗುನೀರು’ ಒಂದೇ ಪದ. ನಡುವೆ ಜಾಗ ಬಿಡದಂತೆ ಅಚ್ಚಿನವರಿಗೆ ಹೇಳಿ.