ಫ್ಲೈಟಿನ್ಯಾಗ ತೊಯ್ದ ಸಾಕ್ಸ್ ನಾತ, ಏನಿರಬಹುದ್ರಿ ಇದು?

ಸಾಂಬ್ರಾ_ಪ್ಯಾಸೆಂಜರ್:
ನಮಸ್ಕಾರ್ರಿ ಎಲ್ಲಾರಿಗೂ. ಮೊನ್ನೆ ಬೆಂಗಳೂರಿಂದ ಬೆಳಗಾವಿಗೆ ಬರೂ ಮುಂದ ಎಟಿಆರ್ (ಪ್ರೊಪೆಲ್ಲರಿನ ಸಣ್ಣ ವಿಮಾನ) ಇತ್ತು, ಹತ್ತಿ ಕುಂತಾಗ ಸ್ವಲ್ಪ ಸೀಮಿಎಣ್ಣಿ ವಾಸನಿ ಬಂತು, ಆಮ್ಯಾಲೆ ಹೋತು. ಇಳಿಯಾಕ ಚಾಲೂ ಮಾಡಿದಾಗ ಬ್ಯಾರೇನ ನಾತ, ಮಳಿಗಾಲದಾಗ ತೊಯ್ದ ಸಾಕ್ಸ್ ಮೂರ್ ದಿನ ಬೂಟಿನ್ಯಾಗ ಬಿಟ್ಟಂಗ. ಬಾಜೂ ಸೀಟಿನ ಕಾಕಾ ಬೂಟ್ ಬಿಚ್ಚಿದ್ರು, ಅವರ್ದ ಇರಬೇಕಂತ ಸುಮ್ನ ಕುಂತೆ. ಮನಿಗೆ ಬಂದ್ರೂ ತಲಿ ಹಿಡದಿತ್ತು, ಗಂಟಲ ಕೆರೀತಿತ್ತು. ಮುಂದಿನ ವಾರ ಮತ್ತ ಹೋಗೂದೈತಿ. ಹಿಂಗಾದ್ರ ಮ್ಯಾಲಿನ ಆಕ್ಸಿಜನ್ ಮಾಸ್ಕ್ ಕೇಳಬಹುದಾ?

ಹ್ಯಾಂಗರ್_ಬಾಗಲಕೋಟಿ:
ಎರಡೂ ವಾಸನಿ ಬ್ಯಾರೆ ಬ್ಯಾರೆ ಅಣ್ಣಾ. ಎಟಿಆರ್ ನಿಂತಾಗ ಬಲಗಡೆ ಇಂಜಿನ್ನಿನ ಪ್ರೊಪೆಲ್ಲರಿಗೆ ಬ್ರೇಕ್ ಹಾಕಿ ಇಂಜಿನ್ ಅಷ್ಟ ಓಡಿಸ್ತಾರ, ಕರೆಂಟಿಗೆ, ಎಸಿಗೆ; ಅದಕ್ಕ ಹೋಟೆಲ್ ಮೋಡ್ ಅಂತಾರ. ಗಾಳಿ ಹಿಂದಿಂದ ಬೀಸಿದ್ರ ಹೊಗಿ ಒಳಗ ಬರತೈತಿ, ವಿಮಾನ ಹೊಂಟ ಮ್ಯಾಲೆ ಹೋಗತೈತಿ. ಅದಕ್ಕ ಅಂಜಬ್ಯಾಡ್ರಿ.

ಸಾಕ್ಸ್ ನಾತದ್ದು ಮಾತ್ರ ಹಗುರ ಅಲ್ಲ. ಬೋಯಿಂಗ್ 787 ಬಿಟ್ರ ಹೆಚ್ಚೂಕಮ್ಮಿ ಎಲ್ಲಾ ಪ್ಯಾಸೆಂಜರ್ ವಿಮಾನದಾಗೂ ಕ್ಯಾಬಿನ್ ಗಾಳಿ ಇಂಜಿನ್ ಕಂಪ್ರೆಸರಿಂದನ ಬರೂದು, ಬ್ಲೀಡ್ ಏರ್ ಅಂತ. ಅಲ್ಲಿ ಸೀಲ್ ಸವದು ಆಯಿಲ್ ಸೋರಿದ್ರ ಬಿಸಿಗೆ ಸುಟ್ಟು ಇಂಥಾ ನಾತ ಹೊಡಿತೈತಿ, ಇಂಜಿನ್ ಪವರ್ ಏರಿಸಿ ಇಳಿಸಿದಾಗ ಜಾಸ್ತಿ, ನಿಮಗ ಇಳಿಯೂ ಮುಂದ ಬಂದದ್ದೂ ಅದಕ್ಕ ಹೊಂದತೈತಿ. ಖರೇನ ಆಯಿಲ್ಲೋ ಅಲ್ಲೋ ಇಂಜಿನ್ ಬಿಚ್ಚಿ ನೋಡಿದವರ ಹೇಳ್ಬೇಕು. ಹೆಪಾ ಫಿಲ್ಟರ್ ಇದ್ರೂ ಅದು ಧೂಳು, ಕ್ರಿಮಿ ಹಿಡಿತೈತಿ, ಗ್ಯಾಸ್ ಹಿಡಿಯಂಗಿಲ್ಲ.

ಮಾಸ್ಕಿನ ಮಾತು ಬಿಡ್ರಿ. ಜೆಟ್ಟಿನ್ಯಾಗ ಮ್ಯಾಲಿಂದ ಬೀಳೂ ಮಾಸ್ಕ್ ಒತ್ತಡ ಕಮ್ಮಿ ಆದಾಗಿಂದು, ಕ್ಯಾಬಿನ್ ಗಾಳಿನೂ ಕೂಡಿಸೇ ಕೊಡತೈತಿ, ನಾತ ಮೂಗಿಗೆ ಬರೂದು ಬರತೈತಿ. ಪೈಲಟ್ ಮಾಸ್ಕ್ ಬ್ಯಾರೆ, ಅದ್ರಾಗ 100% ಆಕ್ಸಿಜನ್. ನೀವು ಮಾಡೂದು ಒಂದ, ಬೆಲ್ ಒತ್ತಿ "ಇಂಥಾ ವಾಸನಿ, ಇಷ್ಟೊತ್ತಿಗೆ, ಈ ಸೀಟಿಗೆ" ಅಂತ ಕ್ರೂಗೆ ಹೇಳ್ರಿ. ಕಾಕ್‌ಪಿಟ್ ಬಾಗಿಲಾ ಹಾಕಿರತೈತಿ, ಹಿಂದಿನ ನಾತ ಅವರಿಗೆ ಗೊತ್ತಾಗದನೂ ಇರಬಹುದು. ಗೊತ್ತಾದ್ರ ಒಂದೊಂದ ಇಂಜಿನ್ನಿಂದ ಬರೂ ಬ್ಲೀಡ್ ಗಾಳಿ ಬಂದ್ ಮಾಡಿ ನೋಡ್ತಾರ.

ವಿಜಯಪುರ_ಟ್ರಾವೆಲರ್:
ವೈರ್ ಸುಟ್ಟಂಗ ಇಲ್ಲಾ ಪ್ಲಾಸ್ಟಿಕ್ ಕರಗಿದಂಗ ಬಂದ್ರ ಎರಡನೇ ವಿಚಾರ ಬ್ಯಾಡ್ರಿ, ಆ ಕ್ಷಣಾನ ಕರೀರಿ, ಯಾರ್ದರ ಪವರ್ ಬ್ಯಾಂಕ್ ಇರಬಹುದು. ಎಸಿ ಕಿಂಡಿಯಿಂದ ಬಿಳಿ ಮಂಜಿನಂಗ ಬಂದು ವಾಸನಿ ಇಲ್ಲಂದ್ರ ಅದು ಬರೇ ನೀರಾವಿ. ನಮ್ಮ ಅತ್ತಿ ಅದನ್ನ ನೋಡಿ ಹೊಗಿ ಹೊಗಿ ಅಂತ ಇಡೀ ಫ್ಲೈಟ್ ಎಬ್ಬಿಸಿದ್ಳು 😄

ಸಾಂಬ್ರಾ_ಪ್ಯಾಸೆಂಜರ್:
ಅಯ್ಯ, ಪಾಪ ಕಾಕಾನ ಬೂಟಿಗೆ ಸುಳ್ಳ ಬೈದೆ ಮನಸಿನ್ಯಾಗ. ತಲಿನೋವು ಈಗ ಇಲ್ಲ. ಈಗ ಹೇಳಿದ್ರ ನಡೀತೈತೇನ್ರಿ? ವಿಮಾನದ ಮ್ಯಾಲೆ ಬರದ ವಿಟಿ (ನೋಂದಣಿ) ನಂಬರ್ ನೋಡಿಲ್ಲ, ಬೋರ್ಡಿಂಗ್ ಪಾಸ್ ಐತಿ.

ಹ್ಯಾಂಗರ್_ಬಾಗಲಕೋಟಿ:
ನಡೀತೈತಿ. ತಾರೀಖು, ಫ್ಲೈಟ್ ನಂಬರ್ ಸಾಕು, ಅವತ್ತು ಯಾವ ವಿಮಾನ ಹಾರೇತಿ ಅಂತ ಅವರ ಕಡೆ ದಾಖಲಿ ಇರತೈತಿ. ಮೊದಲ ಕಂಪನಿಗೆ ಮೇಲ್ ಹಾಕ್ರಿ, ಉತ್ತರ ಬರ್ಲಿಲ್ಲಂದ್ರ ಏರ್‌ಸೇವಾದಾಗ (ವಿಮಾನ ಪ್ರಯಾಣಿಕರ ದೂರಿಗೆ ಸರಕಾರದ ಪೋರ್ಟಲ್) ಹಾಕ್ರಿ. ತಲಿನೋವು ತಿರುಗಿ ಬಂದ್ರ ಡಾಕ್ಟರ್‌ಗೆ ನಾತದ ವಿಷಯಾನೂ ಹೇಳ್ರಿ, ಬರೇ ತಲಿನೋವು ಅಂದ್ರ ಗುಳಿಗಿ ಕೊಟ್ಟು ಕಳಿಸ್ತಾರ.