ಐಸಿಯು ಬಿಲ್ ಏರುತ್ತಿದೆ, ಕೈಲಿ ದುಡ್ಡಿಲ್ಲ. ನೀವೆಲ್ಲ ಏನು ಮಾಡಿದಿರಿ?

ಅಪ್ಪನಿಗೆ ಲಕ್ವ ಹೊಡೆದು ಆರು ದಿನ ಆಯಿತು. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾರೆ. ಬಿಲ್ 1.8 ಲಕ್ಷ ದಾಟಿದೆ, 90 ಸಾವಿರ ಕಟ್ಟಿದ್ದೇವೆ. ಬಿಪಿಎಲ್ ಕಾರ್ಡ್ ಇದೆ. ಅಮ್ಮನ ಬಂಗಾರ ಅಡ ಇಡಬೇಕಾ? ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಹಾವೇರಿಯಿಂದ: ಬಂಗಾರಕ್ಕೆ ಕೈ ಹಾಕುವ ಮುಂಚೆ ಆರೋಗ್ಯಮಿತ್ರ (ಸರ್ಕಾರಿ ಚಿಕಿತ್ಸಾ ಯೋಜನೆಗೆ ರೋಗಿಗಳನ್ನು ಸೇರಿಸಲು ನೆರವಾಗುವವರು) ಎಲ್ಲಿ ಕೂರುತ್ತಾರೆ ಅಂತ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಅವರು ಇರುತ್ತಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ದರ) 30% ಮಾತ್ರ. ನಮ್ಮಣ್ಣನಿಗೆ ಹಾರ್ಟ್ ಅಟ್ಯಾಕ್ ಆದಾಗ ನಾವು ಗಾಬರಿಯಲ್ಲಿ ನಾಲ್ಕು ದಿನ ದುಡ್ಡು ಕಟ್ಟಿದೆವು, ಐದನೇ ದಿನ ಕಾರ್ಡ್ ತೋರಿಸಿದೆವು. ಇದು ಮೊದಲು ಕಟ್ಟಿ ಆಮೇಲೆ ವಾಪಸ್ ಪಡೆಯುವ ಯೋಜನೆ ಅಲ್ಲ. ಕಟ್ಟಿದ್ದು ಹೋಯಿತು. ತುರ್ತು ಇದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆಯೂ ಸೇರಿಸಿಕೊಳ್ಳುತ್ತಾರೆ, ಅದೂ ನಮಗೆ ಗೊತ್ತಿರಲಿಲ್ಲ. ನಿಮ್ಮ ಆಸ್ಪತ್ರೆ ಪಟ್ಟಿಯಲ್ಲಿ ಇಲ್ಲದಿದ್ದರೆ, ಸಾಗಿಸಬಹುದಾ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಹೂಂ ಎಂದರೆ ಸರ್ಕಾರಿ ಆಸ್ಪತ್ರೆ ಕಿಮ್ಸ್ ನಿಮ್ಮ ಊರಲ್ಲೇ ಇದೆಯಲ್ಲ.

ಶಿವಮೊಗ್ಗದಿಂದ: ನಾನು ಹತ್ತು ವರ್ಷ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೂತವಳು. ಒಟ್ಟು ಮೊತ್ತ ನೋಡಿ ಹೆದರಬೇಡಿ, ದಿನಾ ಸಂಜೆ ಐಟಂವಾರು ಬಿಲ್ ಕೇಳಿ. ಔಷಧಿ ಪಟ್ಟಿಯೇ ಉದ್ದ ಇರುತ್ತದೆ. ಬಳಸದ ಇಂಜೆಕ್ಷನ್ ಫಾರ್ಮಸಿಗೆ ರಿಟರ್ನ್ ಆಗಿ ಬಿಲ್‌ನಲ್ಲಿ ಕಳೆದಿದೆಯಾ ನೋಡಿ. ಕೌಂಟರ್‌ನಲ್ಲಿ ಕೂಗಾಡಿ ಪ್ರಯೋಜನ ಇಲ್ಲ, ಅಲ್ಲಿ ಕೂತ ಹುಡುಗನಿಗೆ ಒಂದು ರೂಪಾಯಿ ಬಿಡುವ ಅಧಿಕಾರವೂ ಇಲ್ಲ (ನನಗೂ ಇರಲಿಲ್ಲ, ಬೈಗುಳ ಮಾತ್ರ ನನ್ನ ಪಾಲಿಗೆ!). ಅಡ್ಮಿನಿಸ್ಟ್ರೇಟರ್‌ಗೆ ಅರ್ಜಿ ಬರೆಯಿರಿ. ಸುಮ್ನೆ "ಕಮ್ಮಿ ಮಾಡಿ" ಅನ್ನಬೇಡಿ. ಇವತ್ತು ಇಷ್ಟು, ಮುಂದೆ ತಿಂಗಳಿಗೆ ಇಷ್ಟು ಅಂತ ಲೆಕ್ಕ ಕೊಡಿ. ಡಿಸ್ಚಾರ್ಜ್ ದಿನದವರೆಗೆ ಕಾಯಬೇಡಿ.

ಗದಗದಿಂದ: ನಮ್ಮ ಅತ್ತೆಯನ್ನು 40 ಸಾವಿರ ಬಾಕಿಗಾಗಿ ರಾತ್ರಿವರೆಗೂ ಬಿಡಲಿಲ್ಲ. ಬಾಕಿ ಇದೆ ಅಂತ ರೋಗಿಯನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಇದು ಸ್ಪಷ್ಟವಾಗಿದೆ. ಬಾಕಿ ಬಾಕಿಯೇ, ಅದನ್ನು ತೀರಿಸಬೇಕು. ಆದರೆ ಮನುಷ್ಯ ಅಡವಿಡುವ ವಸ್ತು ಅಲ್ಲ ಅಲ್ವಾ? ಬಂಗಾರ ಇಡಲೇಬೇಕಾದರೆ ಬ್ಯಾಂಕಿನಲ್ಲೇ ಇಡಿ, ಮೀಟರ್ ಬಡ್ಡಿಯವರ ಹತ್ತಿರ ಹೋಗಬೇಡಿ. ಒರಿಜಿನಲ್ ಬಿಲ್, ಡಿಸ್ಚಾರ್ಜ್ ಸಮ್ಮರಿ ಒಂದೂ ಕಳೆಯಬೇಡಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಲು ಬೇಕಾಗುತ್ತವೆ. ನಾವು ಶಾಸಕರ ಪತ್ರ ಜೊತೆಗಿಟ್ಟು ಹಾಕಿದೆವು. ಪೂರ್ತಿ ಬರಲಿಲ್ಲ, ಬಂದಷ್ಟು ಬಂತು.

ಕೇಳಿದವರು: ಆರೋಗ್ಯಮಿತ್ರ ಸಿಕ್ಕರು. ನೆಲಮಹಡಿಯಲ್ಲಿ, ಲ್ಯಾಬ್ ಪಕ್ಕದ ಸಣ್ಣ ಟೇಬಲ್. ಆರು ದಿನ ಅದರ ಮುಂದೆಯೇ ರಕ್ತದ ರಿಪೋರ್ಟ್ ಹಿಡಿದು ಓಡಾಡಿದ್ದೇನೆ. ಅನುಮತಿಗೆ ಕಾಗದ ಕಳಿಸಿದ್ದಾರೆ. ಬಂಗಾರ ಸದ್ಯಕ್ಕೆ ಮನೆಯಲ್ಲೇ ಇದೆ.